ಗೃಹ ಸಾಲದ ಕಂತು ಇಳಿಸಿಕೊಂಡ ಕಥೆ: ಐದು ವರ್ಷದ ಲೆಕ್ಕ

ಹೊಸತೊಡಕಿನ ಮರುದಿನ. 2020ರ ಮಾರ್ಚ್ 27, ಶುಕ್ರವಾರ. ಲಾಕ್‌ಡೌನ್ ಶುರುವಾಗಿ ಮೂರನೇ ದಿನ. ಟಿವಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಶಕ್ತಿಕಾಂತ ದಾಸ್ ಮಾತನಾಡುತ್ತಿದ್ದರು. ಸಾಲದ ಕಂತನ್ನು ಮೂರು ತಿಂಗಳು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿದ್ದೇವೆ ಎಂದರು. ನಮ್ಮನೆಯವರು ರಿಮೋಟ್ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತರು. 'ಕೇಳಿಸ್ತಾ? ಮೂರು ತಿಂಗಳು ಕಟ್ಟೋದೇ ಬೇಡವಂತೆ' ಎಂದರು. ಆ ಕ್ಷಣಕ್ಕೆ ನನಗೂ ಹಾಗೇ ಕೇಳಿಸಿತ್ತು. ಕಟ್ಟುವುದೇ ಬೇಡ ಎನ್ನುವುದಕ್ಕೂ ಈಗ ಕಟ್ಟಬೇಕಾಗಿಲ್ಲ ಎನ್ನುವುದಕ್ಕೂ ಎಷ್ಟು ದೂರ ಅನ್ನುವುದು ತಿಳಿಯಲು ನಮಗೆ ವರ್ಷಗಳೇ ಬೇಕಾದವು.

ನಾನು ತುಮಕೂರು ರಸ್ತೆಯ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮನೆಯವರದ್ದು ಒಂದು ಟೆಂಪೊ ಟ್ರಾವೆಲರ್. ಶಾಲೆ ಪ್ರವಾಸ, ಮದುವೆ, ಧರ್ಮಸ್ಥಳ, ತಿರುಪತಿ, ಹೀಗೆ. ಮಾರ್ಚ್‌ನಿಂದ ಮೇ ತನಕ ಅವರಿಗೆ ಸುಗ್ಗಿ. ಆ ವರ್ಷ ಮೇ ತನಕ ಬುಕ್ ಆಗಿದ್ದ ಎಲ್ಲ ಮದುವೆ ಬಾಡಿಗೆಗಳೂ ಒಂದೇ ವಾರದಲ್ಲಿ ಹೋದವು. ಮುಂಗಡ ವಾಪಸ್ ಕೊಡಬೇಕಾಯಿತು. ನಮ್ಮ ಶಾಲೆ ಏಪ್ರಿಲ್‌ನಿಂದ ಅರ್ಧ ಸಂಬಳ ಎಂದಿತು. ಗಾಡಿಯ ಸಾಲ ಹಿಂದಿನ ವರ್ಷವೇ ತೀರಿತ್ತು, ಅದೊಂದು ಪುಣ್ಯ. ಉಳಿದಿದ್ದು ಮನೆ ಸಾಲ.

2017ರಲ್ಲಿ ಬಾಗಲಗುಂಟೆಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಂಡಿದ್ದೆವು. 30 ಲಕ್ಷ ಸಾಲ, 20 ವರ್ಷ, ಶೇ. 8.5 ಬಡ್ಡಿ. ಕಂತು 26,035 ರೂಪಾಯಿ. ತಿಂಗಳ ಕೊನೆಯ ದಿನ ಖಾತೆಯಿಂದ ತಾನಾಗಿ ಹೋಗುತ್ತಿತ್ತು. 2020ರ ಫೆಬ್ರವರಿಗೆ 28 ಕಂತು ಕಟ್ಟಿ ಆಗಿತ್ತು. ಅಂದರೆ 7 ಲಕ್ಷ 29 ಸಾವಿರ. ಅಸಲು ಎಷ್ಟು ಇಳಿದಿತ್ತು ಗೊತ್ತಾ? ಒಂದೂವರೆ ಲಕ್ಷವೂ ಇಲ್ಲ. ಬಾಕಿ 28 ಲಕ್ಷ 52 ಸಾವಿರ ಇತ್ತು. ಮನೆ ಸಾಲದ ಮೊದಲ ವರ್ಷಗಳಲ್ಲಿ ಕಂತಿನ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಬಡ್ಡಿಗೇ ಹೋಗುತ್ತದೆ. ಇದು ಮೋಸವೇನಲ್ಲ, ಲೆಕ್ಕವೇ ಹಾಗೆ. ಆದರೆ ಸಾಲ ತೆಗೆದುಕೊಳ್ಳುವಾಗ ಯಾರೂ ಅದನ್ನು ಕೂರಿಸಿಕೊಂಡು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಮಾರ್ಚ್ ಮುಗಿಯುವ ಮೊದಲೇ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜ್ ಬಂತು. ಮುಂದೂಡಿಕೆ ಬೇಕಿದ್ದರೆ ಒತ್ತಿ ಎಂದು. ಒತ್ತಿದೆ. ಅದರ ಹಿಂದೆಯೇ ಯಾರೋ ಫೋನ್ ಮಾಡಿ, ಬ್ಯಾಂಕಿನಿಂದ ಮೇಡಂ, ಕಂತು ನಿಲ್ಲಿಸಬೇಕಲ್ವಾ, ಒಟಿಪಿ ಹೇಳಿ ಎಂದರು. ಹೇಳುವುದರಲ್ಲಿದ್ದೆ. ಮಾವ ಪಕ್ಕದಲ್ಲೇ ಕೂತಿದ್ದರು, ಬೇಡ ಎಂದು ಕೈಯಾಡಿಸಿದರು. ಆ ದಿನಗಳಲ್ಲಿ ಎಷ್ಟು ಮನೆಗಳಲ್ಲಿ ಇಂಥ ಫೋನ್ ಬಂದಿರಬೇಕು. ಕಷ್ಟದಲ್ಲಿರುವವರ ಬಾಗಿಲು ತಟ್ಟಿ ಕದಿಯುವುದಕ್ಕೆ ಜನ ಕಾಯುತ್ತಲೇ ಇರುತ್ತಾರೆ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಮೇ 22ರಂದು ಮತ್ತೆ ಮೂರು ತಿಂಗಳು ಸೇರಿಸಿದರು. ಒಟ್ಟು ಆರು ತಿಂಗಳು, ಆಗಸ್ಟ್ 31ರವರೆಗೆ. ಆ ಆರು ತಿಂಗಳಲ್ಲಿ ನಾವು ಕಟ್ಟದೆ ಉಳಿಸಿಕೊಂಡಿದ್ದು 1 ಲಕ್ಷ 56 ಸಾವಿರ. ಅದರಲ್ಲೇ ಊಟ ಮಾಡಿದೆವು. ಮಾವನ ಸಕ್ಕರೆ ಕಾಯಿಲೆಯ ಮಾತ್ರೆ, ಮಗಳ ಆನ್‌ಲೈನ್ ತರಗತಿಗೆ ಒಂದು ಮೊಬೈಲು, ಗಾಡಿಯ ಇನ್ಶೂರೆನ್ಸ್. ಆ ಹಣ ಇರದಿದ್ದರೆ ಗಾಡಿ ಮಾರಬೇಕಿತ್ತು. ಅಂಥ ಹೊತ್ತಿನಲ್ಲಿ ಟೆಂಪೊ ಟ್ರಾವೆಲರ್ ಕೊಳ್ಳುವವರು ಯಾರು? ಅರ್ಧ ಬೆಲೆಯೂ ಬರುತ್ತಿರಲಿಲ್ಲ. ಆಮೇಲೆ ದುಡಿಯುವುದಕ್ಕೂ ಏನೂ ಇರುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಬಾಕಿ 29 ಲಕ್ಷ 75 ಸಾವಿರ ದಾಟಿತ್ತು. ಮೂವತ್ತು ಲಕ್ಷದಿಂದ ಇಳಿಸಿದ್ದನ್ನೆಲ್ಲ ಹತ್ತಿರ ಹತ್ತಿರ ಹತ್ತಿಬಿಟ್ಟಿದ್ದೆವು. ಆರು ತಿಂಗಳ ಬಡ್ಡಿ 1 ಲಕ್ಷ 23 ಸಾವಿರ ಅಸಲಿಗೆ ಸೇರಿತ್ತು. ಮಾವ ತಮ್ಮ ಡೈರಿಯಲ್ಲಿ ಲೆಕ್ಕ ಹಾಕಿದರು. ಅವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ದಿನದ ಖರ್ಚು ಬರೆಯದೆ ಮಲಗುವುದಿಲ್ಲ. ಕಂತು ಅಷ್ಟೇ ಇಟ್ಟು, ದರವೂ ಅಷ್ಟೇ ಇದ್ದರೆ, ಮೊದಲು ಉಳಿದಿದ್ದ 212 ಕಂತಿನ ಬದಲು 235 ಕಂತು ಕಟ್ಟಬೇಕು. ಆರು ಕಂತು ಬಿಟ್ಟಿದ್ದಕ್ಕೆ ಕೊನೆಯಲ್ಲಿ 23 ಕಂತು ಜಾಸ್ತಿ. ನಾನು ನಂಬಲಿಲ್ಲ. ಮೂರು ಸಲ ಮಾಡಿಸಿದೆ. ಸಾಲದ ಶುರುವಿನಲ್ಲಿ ಕಂತು ಬಿಟ್ಟರೆ ಅದರ ಮೇಲಿನ ಬಡ್ಡಿ ಹದಿನೇಳು ಹದಿನೆಂಟು ವರ್ಷ ಬೆಳೆಯುತ್ತದೆ, ಅದಕ್ಕೇ ಹೀಗೆ. ಸ್ಟೇಟ್ ಬ್ಯಾಂಕ್ ಆಗಲೇ ತನ್ನ ಗ್ರಾಹಕರಿಗೆ ಒಂದು ಉದಾಹರಣೆ ಕೊಟ್ಟಿತ್ತಂತೆ: 30 ಲಕ್ಷದ ಸಾಲ, 15 ವರ್ಷ ಬಾಕಿ ಇದ್ದರೆ, ಮೂರು ತಿಂಗಳ ಮುಂದೂಡಿಕೆಗೆ ಸುಮಾರು 2.34 ಲಕ್ಷ ಹೆಚ್ಚಿನ ಬಡ್ಡಿ, ಅಂದರೆ 8 ಕಂತಿಗೆ ಸಮ. ನಮ್ಮ ಬ್ಯಾಂಕಿನಿಂದ ನಮಗೆ ಇಂಥದ್ದೊಂದು ಸಾಲೂ ಬಂದಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಕಂತು ಮತ್ತೆ ಶುರು. ಶಾಲೆ ಇನ್ನೂ ತೆರೆದಿರಲಿಲ್ಲ, ಗಾಡಿ ಇನ್ನೂ ನಿಂತೇ ಇತ್ತು. ನನ್ನ ಬಳೆ ನಾಲ್ಕು ಗಿರವಿಗೆ ಹೋದವು. ಆ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಚಿನ್ನದ ಬೆಲೆಯ ಶೇ. 90ರವರೆಗೆ ಸಾಲ ಕೊಡಬಹುದು ಎಂದಿತ್ತು, ಮೊದಲು ಶೇ. 75 ಇತ್ತು. ಹಾಗಾಗಿ ಅಷ್ಟು ಬಳೆಗೇ ನಾಲ್ಕು ಕಂತಿನ ಹಣ ಸಿಕ್ಕಿತು. ಸಾಲ ತೀರಿಸಲು ಸಾಲ. ಕಂತು ಮೂರು ತಿಂಗಳು ಸತತ ಬಾಕಿ ಬಿದ್ದರೆ, ಅಂದರೆ 90 ದಿನ ದಾಟಿದರೆ, ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸು, ಅದಾದ ಮೇಲೆ ಮನೆ ವಶ. ಆ ದಾರಿಯ ಕಡೆ ನೋಡಲೂ ನನಗೆ ಭಯವಾಗುತ್ತಿತ್ತು.

ಪೇಪರಿನಲ್ಲಿ ನೋಡಿ ಗೊತ್ತಾದದ್ದು ಸಾಲದ ಮರುಹೊಂದಾಣಿಕೆ. ಆಗಸ್ಟ್ 6ರಂದು ರಿಸರ್ವ್ ಬ್ಯಾಂಕು ಹೇಳಿತ್ತು: ಕೋವಿಡ್‌ನಿಂದ ಆದಾಯ ಹೋದವರ ಮನೆ ಸಾಲವನ್ನೂ ಹೊಸದಾಗಿ ಹೊಂದಿಸಬಹುದು, ಅವಧಿಯನ್ನು ಎರಡು ವರ್ಷದವರೆಗೆ ಉದ್ದ ಮಾಡಬಹುದು. 2020ರ ಮಾರ್ಚ್ 1ಕ್ಕೆ 30 ದಿನಕ್ಕಿಂತ ಹೆಚ್ಚು ಬಾಕಿ ಇರಬಾರದು. ಡಿಸೆಂಬರ್ 31ರೊಳಗೆ ಬ್ಯಾಂಕು ಒಪ್ಪಿ ಪ್ರಕ್ರಿಯೆ ಶುರು ಮಾಡಿರಬೇಕು.

ನಮ್ಮ ಬ್ಯಾಂಕಿನ ಗೃಹ ಸಾಲ ವಿಭಾಗ ಮಲ್ಲೇಶ್ವರದಲ್ಲಿ. ಮೆಟ್ರೊ ಮತ್ತೆ ಓಡಲು ಶುರುವಾಗಿತ್ತು. ದಾಸರಹಳ್ಳಿಯಲ್ಲಿ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯುತ್ತಿದ್ದೆ. ಒಂದು ಸೀಟು ಬಿಟ್ಟು ಒಂದು ಸೀಟು, ಖಾಲಿ ಖಾಲಿ ಡಬ್ಬಿ. ನವೆಂಬರಿನಿಂದ ಡಿಸೆಂಬರ್ ತನಕ ಏಳು ಸಲ ಹೋದೆ. ಮೊದಲ ಸಲ ಹೋದಾಗ ಕಿಟಕಿಯಲ್ಲಿದ್ದವರು 'ಅಂಥ ಸ್ಕೀಮ್ ನಮ್ಮಲ್ಲಿಲ್ಲ' ಎಂದರು. ಪೇಪರ್ ಕತ್ತರಿಸಿಕೊಂಡು ಹೋಗಿದ್ದೆ. ತೋರಿಸಿದೆ. ಒಳಗೆ ಹೋಗಿ ಬಂದು, ಆನ್‌ಲೈನಿನಲ್ಲಿ ಅರ್ಜಿ ಹಾಕಿ ಎಂದರು. ಆನ್‌ಲೈನಿನಲ್ಲಿ ಹಾಕಿದರೆ ಶಾಖೆಗೆ ಹೋಗಿ ಎಂದು ಬಂತು. ಮೂರನೇ ಸಲ ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿ ಸಿಕ್ಕಳು. ಅವಳ ಅಪ್ಪನದೂ ಕ್ಯಾಬ್ ಅಂತೆ. 'ಮೇಡಂ, ಕೂತ್ಕೊಳ್ಳಿ' ಎಂದು ಎಲ್ಲ ಬರೆದುಕೊಟ್ಟಳು. ಫೆಬ್ರವರಿಯ ಸಂಬಳದ ಚೀಟಿ, ಅರ್ಧ ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಗಾಡಿಯ ಪರ್ಮಿಟ್, ಎರಡು ವರ್ಷದ ಆದಾಯ ತೆರಿಗೆ ರಿಟರ್ನ್, ಆದಾಯ ಯಾಕೆ ಕುಸಿಯಿತು ಎಂದು ಇಬ್ಬರ ಸಹಿಯ ಹೇಳಿಕೆ. ಆ ಹೇಳಿಕೆ ಬರೆಯುವಾಗ ನಮ್ಮನೆಯವರ ಕೈ ನಿಂತುಬಿಟ್ಟಿತು. 'ಇಪ್ಪತ್ತು ವರ್ಷ ಯಾರ ಹತ್ರಾನೂ ಕಂತು ತಪ್ಪಿಸಿಲ್ಲ ಕಣೇ' ಎಂದರು. ನಾನೇ ಬರೆದೆ, ಅವರು ಸಹಿ ಹಾಕಿದರು.

ಡಿಸೆಂಬರ್ ಕೊನೆಯ ವಾರ ಇ-ಸ್ಟ್ಯಾಂಪ್ ಕಾಗದದ ಮೇಲೆ ಹೊಸ ಒಪ್ಪಂದ ಆಯಿತು. 2021ರ ಜನವರಿಯಿಂದ ಒಂದು ವರ್ಷ ಬಡ್ಡಿ ಮಾತ್ರ. ಅವಧಿ 24 ತಿಂಗಳು ಉದ್ದ, 2037ರ ಅಕ್ಟೋಬರ್ ಬದಲು 2039ರ ಅಕ್ಟೋಬರ್. ದರವನ್ನು ರೆಪೊಗೆ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಜೋಡಿಸಿದರು. ಆಗ ರೆಪೊ ಶೇ. 4, ಬ್ಯಾಂಕಿನ ಪಾಲು 3.5, ಮರುಹೊಂದಾಣಿಕೆಗೆ ಅಂತ ಮತ್ತೆ 0.35. ಒಟ್ಟು 7.85. ಆ 0.35 ಯಾಕೆ ಎಂದು ಕೇಳಿದೆ. ಇಂಥ ಸಾಲಕ್ಕೆ ಬ್ಯಾಂಕು ಶೇ. 10ರಷ್ಟು ಹಣ ಬದಿಗೆ ತೆಗೆದಿಡಬೇಕು ಮೇಡಂ, ಅದರ ಖರ್ಚು ಎಂದಳು ಆ ಅಧಿಕಾರಿ. ತಿಂಗಳ ಬಡ್ಡಿ 19,330. ಮೊದಲಿನ ಕಂತಿಗಿಂತ 6,700 ಕಡಿಮೆ.

ಈ 6,700 ರೂಪಾಯಿ ಎಲ್ಲಿ ಹೋಯಿತು ಅಂತ ಮಾವನ ಡೈರಿಯಲ್ಲಿ ಇದೆ. ಮೊದಲ ಎರಡು ತಿಂಗಳು ಪೂರ್ತಿ ದಿನಸಿ ಅಂಗಡಿಗೆ. ಲಾಕ್‌ಡೌನಿನಲ್ಲಿ ಅಲ್ಲಿ 14,000 ಸಾಲ ಬೆಳೆದಿತ್ತು. ಅಂಗಡಿಯವರು ಒಂದು ದಿನವೂ ಕೇಳಿರಲಿಲ್ಲ. ಕೊಟ್ಟ ದಿನ ಮಾತ್ರ ನಿಟ್ಟುಸಿರು ಬಿಟ್ಟು, 'ಟೀಚರಮ್ಮ, ನಾನೂ ಯಶವಂತಪುರದ ಮಂಡಿಗೆ ಕೊಡ್ಬೇಕಲ್ಲ, ಅವರು ಬೇಳೆ ಕೊಡೋದು ನಿಲ್ಲಿಸಿದ್ರು' ಎಂದರು. ಅವತ್ತೇ ಮಧ್ಯಾಹ್ನ ಮಂಡಿಗೆ ಹೋಗಿ ಬಂದರು. ಮೂರನೇ ತಿಂಗಳು ಮಗಳ ಶಾಲೆ ಫೀಸಿನ ಒಂದು ಭಾಗ. ಆ ಫೀಸಿನಿಂದ ಅಲ್ಲಿಯ ಯಾವುದೋ ಟೀಚರಿಗೆ ಸಂಬಳ ಆಗಿರುತ್ತದೆ, ನನ್ನಂಥವಳಿಗೇ. ನಾಲ್ಕನೇ ತಿಂಗಳು ಗಾಡಿಗೆ ಬ್ಯಾಟರಿ. ನಿಂತು ನಿಂತು ಸತ್ತುಹೋಗಿತ್ತು. ಪೀಣ್ಯದ ಹುಡುಗ ಬಂದು ಹಾಕಿಕೊಟ್ಟ.

ಹತ್ತನೇ ತರಗತಿಗೆ ನಾನು 1929ರ ಆರ್ಥಿಕ ಕುಸಿತ ಪಾಠ ಮಾಡುತ್ತೇನೆ. ಒಬ್ಬನ ಖರ್ಚು ಇನ್ನೊಬ್ಬನ ಆದಾಯ ಎಂದು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸುತ್ತೇನೆ. ಇಷ್ಟು ವರ್ಷ ಆ ಬಾಣ ಬರೀ ಸೀಮೆಸುಣ್ಣದ ಗೆರೆಯಾಗಿತ್ತು. ಆ ವರ್ಷ ಅದು ನಮ್ಮ ಬೀದಿಯಿಂದ ಯಶವಂತಪುರದ ತನಕ ಹೋಗುವುದನ್ನು ನೋಡಿದೆ.

ಆ ಪಾಠದಲ್ಲಿ ಪುಸ್ತಕ ಬಿಟ್ಟ ಒಂದು ವಿಷಯ ಈಗ ನಾನು ಸೇರಿಸುತ್ತೇನೆ. ಆಗ ಅಮೆರಿಕದಲ್ಲಿ ಮನೆ ಸಾಲ ಹೆಚ್ಚಾಗಿ ಕೆಲವೇ ವರ್ಷಕ್ಕೆ ಇರುತ್ತಿತ್ತು. ಅಲ್ಲಿಯ ತನಕ ಬಡ್ಡಿ, ಕೊನೆಗೆ ಅಸಲು ಒಟ್ಟಿಗೆ ಅಥವಾ ಹೊಸ ಸಾಲ. ಬ್ಯಾಂಕುಗಳು ಮುಚ್ಚಿದಾಗ ಹೊಸ ಸಾಲ ಕೊಡುವವರಿಲ್ಲ. ಲಕ್ಷಗಟ್ಟಲೆ ಮನೆ ಹರಾಜಿಗೆ ಬಂದವು. ಒಂದೇ ಬೀದಿಯಲ್ಲಿ ನಾಲ್ಕು ಮನೆ ಹರಾಜಾದರೆ ಐದನೆಯದರ ಬೆಲೆಯೂ ಬೀಳುತ್ತದೆ, ಅದರ ಮೇಲೆ ಸಾಲ ಕೊಟ್ಟ ಬ್ಯಾಂಕೂ ಬೀಳುತ್ತದೆ. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಮನೆ ಮಾಲೀಕರ ಸಾಲ ನಿಗಮ ಮಾಡಿ, ಸುಮಾರು 10 ಲಕ್ಷ ಮನೆಗಳ ಸಾಲವನ್ನು ತಾನು ಕೊಂಡು, 15 ವರ್ಷದ ಸಮನಾದ ತಿಂಗಳ ಕಂತಿಗೆ ಬದಲಾಯಿಸಿತು. ಸಾಲ ಮನ್ನಾ ಮಾಡಲಿಲ್ಲ. ಕಟ್ಟುವ ಹಾಗೆ ಮಾಡಿತು. ಅಷ್ಟಾದರೂ ಐದರಲ್ಲಿ ಒಬ್ಬರ ಹತ್ತಿರ ಮನೆ ಉಳಿಯಲಿಲ್ಲ. ನಿಗಮ 1951ರಲ್ಲಿ ಮುಚ್ಚಿದಾಗ ಸ್ವಲ್ಪ ಲಾಭದಲ್ಲೇ ಇತ್ತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅರ್ಥಶಾಸ್ತ್ರ ಎಂ.ಎ. ಮಾಡಿದ್ದಾಳೆ. 2021ರ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಕರೆದಿದ್ದೆ. ಮಾತು ಸಾಲಕ್ಕೆ ಬಂತು. ಅವಳು ಹೇಳಿದ್ದು ಇದು. 2008ರ ಕುಸಿತದ ನಂತರ ಅಮೆರಿಕದಲ್ಲಿ ಕೆಲವರಿಗೆ ಅಸಲಿನಲ್ಲೇ ದೊಡ್ಡ ಮೊತ್ತ ಕಡಿತ ಮಾಡಿದರು, ಆದರೆ ತಿಂಗಳ ಕಂತು ಅಷ್ಟೇ ಉಳಿಯಿತು. ಇನ್ನು ಕೆಲವರಿಗೆ ಅಸಲು ಅಷ್ಟೇ, ಅವಧಿ ಉದ್ದ ಮಾಡಿ ಕಂತು ಇಳಿಸಿದರು. ಪೀಟರ್ ಗ್ಯಾನಾಂಗ್ ಮತ್ತು ಪ್ಯಾಸ್ಕಲ್ ನೋಯೆಲ್ ಎಂಬ ಇಬ್ಬರು ಎರಡು ಗುಂಪನ್ನೂ ಹೋಲಿಸಿ ನೋಡಿದರು. ಕಂತು ಇಳಿಯದೆ ಬರೀ ಅಸಲು ಕಡಿಮೆಯಾದವರ ಖರ್ಚೂ ಬದಲಾಗಲಿಲ್ಲ, ಸಾಲ ಕಟ್ಟದೆ ಬಿಡುವವರೂ ಕಡಿಮೆಯಾಗಲಿಲ್ಲ. ಕಂತು ಶೇ. 10 ಇಳಿದಲ್ಲಿ ಕಟ್ಟದೆ ಬಿಡುವುದು ಶೇ. 22ರಷ್ಟು ಇಳಿಯಿತು. ಕೇಳಿ ನಾನು ಸುಮ್ನೆ ಕೂತೆ. ಎಲ್ಲೋ ಇರುವವರ ಲೆಕ್ಕ ನನ್ನ ಅಡುಗೆಮನೆಯ ಲೆಕ್ಕದ ಹಾಗೇ ಇತ್ತು. ಸಾಲದ ಒಟ್ಟು ಮೊತ್ತ ನಮ್ಮನ್ನು ರಾತ್ರಿ ಎಬ್ಬಿಸುವುದಿಲ್ಲ. ತಿಂಗಳ ಕೊನೆಯ ದಿನ ಎಬ್ಬಿಸುತ್ತದೆ.

ಮರುಹೊಂದಾಣಿಕೆಗೆ ಓಡಾಡುತ್ತಿದ್ದ ಅವಧಿಯಲ್ಲೇ ನಮಗೆ ಇನ್ನೊಂದು ಪರಿಹಾರವೂ ಬಂದಿತ್ತು. ಮುಂದೂಡಿದ ತಿಂಗಳುಗಳಲ್ಲಿ ಬಡ್ಡಿಯ ಮೇಲೆ ಬಡ್ಡಿ ಹಾಕಿದ್ದು ಸರಿಯಲ್ಲ ಎಂದು ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. 2020ರ ಅಕ್ಟೋಬರ್ 23ಕ್ಕೆ ಕೇಂದ್ರ ಸರ್ಕಾರ, 2 ಕೋಟಿವರೆಗಿನ ಸಾಲಕ್ಕೆ ಚಕ್ರಬಡ್ಡಿ ಮತ್ತು ಸರಳ ಬಡ್ಡಿಯ ನಡುವಿನ ವ್ಯತ್ಯಾಸ ಕೊಡುತ್ತೇವೆ ಎಂದಿತು. ನವೆಂಬರ್ 5ರ ಹೊತ್ತಿಗೆ ನಮ್ಮ ಸಾಲದ ಖಾತೆಗೆ ಬಂತು, 2,167 ರೂಪಾಯಿ. ಟಿವಿಯಲ್ಲಿ ವಾರಗಟ್ಟಲೆ ಚರ್ಚೆಯಾಗಿದ್ದು ಇದೇ. ಕಂತು ಮುಂದೂಡದೆ ಸರಿಯಾಗಿ ಕಟ್ಟಿದವರಿಗೂ ಕೊಟ್ಟರು. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮನಿಗೆ ಒಂದು ರೂಪಾಯಿ ಸಂಬಳ ಕಡಿಮೆಯಾಗಿರಲಿಲ್ಲ. ಅವನ ಸಾಲ ದೊಡ್ಡದು, ನಮಗಿಂತ ಜಾಸ್ತಿ ಬಂತು. 'ಅಕ್ಕ, ನನಗೆ ಬಂದಿದ್ದೇ ಗೊತ್ತಾಗಲಿಲ್ಲ' ಎಂದ. ಅವನ ತಪ್ಪಲ್ಲ. ಆದರೆ ಆದಾಯ ಮುರಿದ ಮನೆಗೂ ಮುರಿಯದ ಮನೆಗೂ ಒಂದೇ ಅಳತೆಯಲ್ಲಿ ಹಂಚಿದ ಹಣ ಬೀದಿಗೆ ಇಳಿಯುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಆರು ತಿಂಗಳ ಬಡ್ಡಿ ಪೂರ್ತಿ ಬಿಡಬೇಕಿತ್ತಾ? ನಾನು ಆಗ ಹೌದು ಎನ್ನುತ್ತಿದ್ದೆ. ಊಟದ ಹೊತ್ತಿನಲ್ಲಿ ಮಾವನ ಮುಂದೆ ಜೋರಾಗಿಯೇ ಹೇಳಿದೆ. ಅವರು ತಟ್ಟೆ ನೋಡುತ್ತಾ, 'ಬಿಟ್ರೆ ಅದನ್ನ ಕೊಡೋರು ಯಾರಮ್ಮ?' ಎಂದರು. ಅಷ್ಟೇ. ಆಮೇಲೆ ಅರ್ಥವಾಯಿತು. ಅವರ ನಿವೃತ್ತಿಯ ಹಣ 12 ಲಕ್ಷ ಎಫ್‌ಡಿಯಲ್ಲಿತ್ತು. ಹಳೆಯ ದರ ಶೇ. 7.25, ತಿಂಗಳಿಗೆ 7,250 ಬರುತ್ತಿತ್ತು. 2020ರಲ್ಲಿ ಅವಧಿ ಮುಗಿದು ಮತ್ತೆ ಇಟ್ಟಾಗ ಸಿಕ್ಕಿದ್ದು 6.2. ತಿಂಗಳಿಗೆ 1,050 ಕಡಿಮೆ. ನಮ್ಮ ಸಾಲದ ದರ ಇಳಿಸಿದ ಅದೇ ರೆಪೊ ಕಡಿತ ಪಕ್ಕದ ಕೋಣೆಯಲ್ಲಿ ಅವರ ಆದಾಯವನ್ನೂ ಇಳಿಸಿತ್ತು. ಅವರು ಸಂಜೆಯ ವಾಕಿಂಗ್ ಮುಗಿಸಿ ಗೆಳೆಯರ ಜೊತೆ ಕುಡಿಯುತ್ತಿದ್ದ ಕಾಫಿ ಬಿಟ್ಟಿದ್ದರು. ಕೊರೋನಾ ಭಯಕ್ಕೆ ಎಂದುಕೊಂಡಿದ್ದೆ.

ಸರ್ಕಾರ ಕೋರ್ಟಿಗೆ ಹೇಳಿದ್ದೂ ಅದನ್ನೇ: ಎಲ್ಲ ಸಾಲದ ಆರು ತಿಂಗಳ ಬಡ್ಡಿ ಬಿಟ್ಟರೆ 6 ಲಕ್ಷ ಕೋಟಿಗೂ ಮೇಲೆ ಆಗುತ್ತದೆ, ಬ್ಯಾಂಕುಗಳು ತಡೆಯುವುದಿಲ್ಲ. 2021ರ ಮಾರ್ಚ್ 23ಕ್ಕೆ ತೀರ್ಪು ಬಂತು. ಪೂರ್ತಿ ಬಡ್ಡಿ ಮನ್ನಾ ಸಾಧ್ಯವಿಲ್ಲ, ಬ್ಯಾಂಕುಗಳು ಠೇವಣಿದಾರರಿಗೆ ಬಡ್ಡಿ ಕೊಡಲೇಬೇಕು. ಚಕ್ರಬಡ್ಡಿ ಮಾತ್ರ ಯಾರಿಂದಲೂ ತೆಗೆದುಕೊಳ್ಳುವಂತಿಲ್ಲ, ಸಾಲ 2 ಕೋಟಿಗಿಂತ ಮೇಲಿದ್ದರೂ. ಆ ಸುದ್ದಿ ಓದಿದಾಗ ನನಗೆ ಸಿಟ್ಟು ಬರಲಿಲ್ಲ. ಮಾವನ ತಟ್ಟೆ ನೆನಪಾಯಿತು.

2022ರ ಜನವರಿಗೆ ಪೂರ್ತಿ ಕಂತು ಮತ್ತೆ ಶುರುವಾಯಿತು, 25,700. ಅಷ್ಟರಲ್ಲಿ ಶಾಲೆ ತೆರೆದಿತ್ತು. ಮದುವೆಗಳೂ ಶುರುವಾಗಿದ್ದವು, ಮುಂದಕ್ಕೆ ಹಾಕಿದ್ದ ಮದುವೆಗಳೆಲ್ಲ ಒಟ್ಟಿಗೆ. ಬಳೆ ಬಿಡಿಸಿಕೊಂಡೆವು. ಮಲಗುವ ಕೋಣೆಗೆ ಒಂದು ಕಬೋರ್ಡ್ ಮಾಡಿಸೋಣ ಎಂದು ಬಡಗಿಯನ್ನು ಕರೆಸಿದೆವು. ಮನೆ ಕೊಂಡಾಗಿನಿಂದ ಬಟ್ಟೆ ಸೂಟ್‌ಕೇಸಿನಲ್ಲೇ ಇತ್ತು. ಮಾಗಡಿ ಕಡೆಯವರು, ಅಳತೆ ತೆಗೆದುಕೊಂಡು 70,000 ಎಂದರು. ಕೈಗೆ ಹಣ ಸೇರಿದ ಮೇಲೆ ಮಾಡೋಣ ಎಂದೆವು.

ಮೇ 4ಕ್ಕೆ ರೆಪೊ ದರ ಏರಿತು. ಆ ಏಪ್ರಿಲಿನ ಹಣದುಬ್ಬರ ಶೇ. 7.79 ಇತ್ತು. ಆಮೇಲೆ ಜೂನ್, ಆಗಸ್ಟ್, ಸೆಪ್ಟೆಂಬರ್, ಡಿಸೆಂಬರ್, ಫೆಬ್ರವರಿ. ಒಂಬತ್ತು ತಿಂಗಳಲ್ಲಿ 4ರಿಂದ 6.5. ನಮ್ಮ ಕಂತು ಮಾತ್ರ 25,700ರಲ್ಲೇ ನಿಂತಿತ್ತು. ಒಳ್ಳೆಯದೇ ಆಯಿತು ಎಂದುಕೊಂಡೆವು. 2023ರ ಫೆಬ್ರವರಿಯಲ್ಲಿ ತೆರಿಗೆಗೆ ಬಡ್ಡಿ ಪ್ರಮಾಣಪತ್ರ ಬೇಕು ಎಂದು ಮಲ್ಲೇಶ್ವರಕ್ಕೆ ಹೋದೆ. ದರ 10.35 ಆಗಿತ್ತು. ಬಾಕಿ 28 ಲಕ್ಷ 98 ಸಾವಿರ. ಕಂತಿನ 25,700ರಲ್ಲಿ 25,000 ಬಡ್ಡಿಗೆ, 700 ಅಸಲಿಗೆ. ಹೀಗೇ ಕಟ್ಟಿದರೆ ಎಷ್ಟು ಕಂತು ಉಳಿದಿದೆ ಎಂದು ಕೇಳಿದೆ. ಕಿಟಕಿಯಲ್ಲಿದ್ದವರು ಕಂಪ್ಯೂಟರ್ ನೋಡಿ, ಮತ್ತೆ ನೋಡಿ, 419 ಎಂದರು. 2057ರ ಕೊನೆ. ನನಗಾಗ 42 ವರ್ಷ. ಸಾಲ ತೀರುವಾಗ 76 ಆಗಿರುತ್ತದೆ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ನನ್ನ ಧ್ವನಿ ನಡುಗುತ್ತಿತ್ತು. ದರ ಏರಿದರೆ ಸಿಸ್ಟಂ ತಾನೇ ಅವಧಿ ಉದ್ದ ಮಾಡುತ್ತದೆ ಎಂದರು. ಕಂತು ಏರಲಿಲ್ಲವಲ್ಲ ಎಂದು ನಾವು ನಿಶ್ಚಿಂತೆಯಿಂದ ಇದ್ದ ಒಂಬತ್ತು ತಿಂಗಳಲ್ಲಿ ನಮ್ಮ ಮುಪ್ಪಿನ ಹದಿನೆಂಟು ವರ್ಷ ಆ ಕಂಪ್ಯೂಟರಿನೊಳಗೆ ಹೋಗಿತ್ತು. ಇದು ನಮ್ಮೊಬ್ಬರ ಕಥೆಯಲ್ಲ. ಅವತ್ತು ಅದೇ ಬೆಂಚಿನಲ್ಲಿ ಕೂತಿದ್ದ ಹೆಸರಘಟ್ಟ ರಸ್ತೆಯ ದಂಪತಿಗೂ ಅದೇ ಆಗಿತ್ತು.

ಕಂತು 30,000 ಮಾಡಿದರೆ? 209. ಇದೊಂದು ಸಂಖ್ಯೆಯನ್ನು ಮನೆ ಸಾಲ ಇರುವ ಎಲ್ಲರಿಗೂ ಹೇಳಬೇಕು ಅನ್ನಿಸುತ್ತದೆ. ತಿಂಗಳಿಗೆ 4,300 ಜಾಸ್ತಿ ಕಟ್ಟಿದರೆ 210 ಕಂತು ಹೋಗುತ್ತದೆ. ಬಡ್ಡಿಯನ್ನು ಬರೀ ಮುಟ್ಟುತ್ತಿರುವ ಕಂತಿಗೆ ಸ್ವಲ್ಪ ಸೇರಿಸಿದರೂ ಪೂರ್ತಿ ಅಸಲಿಗೇ ಹೋಗುತ್ತದೆ. ಅರ್ಜಿ ಕೊಟ್ಟು, ಖಾತೆಯಿಂದ ಹಣ ಕತ್ತರಿಸಲು ಹೊಸ ಒಪ್ಪಿಗೆ ಪತ್ರ ಕೊಟ್ಟು, ಎರಡು ತಿಂಗಳು ಬೆನ್ನು ಹತ್ತಿ ಮಾಡಿಸಿಕೊಂಡೆ.

ಬಡಗಿಗೆ ಫೋನ್ ಮಾಡಿ ಈಗ ಬೇಡ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. 'ನೀವು ನಾಲ್ಕನೆಯವರು ಮೇಡಂ' ಎಂದರು. ಬೆಲೆ ಏರಿಕೆ ತಡೆಯಲು ದರ ಏರಿಸುತ್ತಾರೆ ಎಂದು ಪಾಠದಲ್ಲಿ ಹೇಳುತ್ತೇವೆ. ಅದು ಕೆಲಸ ಮಾಡುವುದು ಹೀಗೆ. ನಾನು ಕಬೋರ್ಡ್ ಮಾಡಿಸುವುದಿಲ್ಲ, ಅವರು ಪ್ಲೈವುಡ್ ಕೊಳ್ಳುವುದಿಲ್ಲ, ಅವರ ಜೊತೆಗಿನ ಇಬ್ಬರು ಹುಡುಗರಿಗೆ ಕೆಲಸವಿಲ್ಲ. ದರ ಏರಿಸುವುದು ತಪ್ಪು ಎಂದು ನಾನು ಹೇಳುತ್ತಿಲ್ಲ, ಅಡುಗೆ ಎಣ್ಣೆಯ ಬೆಲೆ ಆ ವರ್ಷ ನನಗೂ ಗೊತ್ತು. ಆದರೆ ಭಾರ ಯಾರ ಮೇಲೆ ಎಷ್ಟು ಬೀಳುತ್ತಿದೆ ಎಂದು ಹೊರುವವರಿಗೆ ಮೊದಲೇ ತಿಳಿಸಬೇಕಲ್ವಾ?

ಕೊನೆಗೂ ಆ ಮಾತು ಮೇಲಿನವರಿಗೂ ಮುಟ್ಟಿತು. 2023ರ ಆಗಸ್ಟ್ 18ಕ್ಕೆ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಕಂತು ಅಥವಾ ಅವಧಿಯ ಮೇಲೆ ಏನು ಪರಿಣಾಮ ಎಂದು ಸಾಲಗಾರರಿಗೆ ತಿಳಿಸಬೇಕು. ಕಂತು ಏರಿಸುವುದೋ, ಅವಧಿ ಉದ್ದ ಮಾಡುವುದೋ, ಎರಡೂ ಸ್ವಲ್ಪ ಸ್ವಲ್ಪವೋ, ಆಯ್ಕೆ ಸಾಲಗಾರರದ್ದು. ಕಂತು ಬಡ್ಡಿಯನ್ನೂ ಮುಟ್ಟದ ಸ್ಥಿತಿಗೆ ಹೋಗಬಾರದು. ಮೂರು ತಿಂಗಳಿಗೊಮ್ಮೆ ಎಷ್ಟು ಅಸಲು, ಎಷ್ಟು ಬಡ್ಡಿ, ಎಷ್ಟು ಕಂತು ಬಾಕಿ ಎಂದು ಸರಳವಾಗಿ ಬರೆದುಕೊಡಬೇಕು. ಅದರ ಪ್ರತಿ ತೆಗೆದುಕೊಂಡು ಹೋದೆ. ಈ ಸಲ ಯಾರೂ ನಮ್ಮಲ್ಲಿ ಇಲ್ಲ ಎನ್ನಲಿಲ್ಲ.

ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಲೂ ನೋಡಿದೆ. ಬದಲಾಗುವ ದರದ ಮನೆ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ, 2012ರಿಂದ ಹಾಗಿದೆ. ಎರಡು ಕಡೆ ಅರ್ಜಿ ಕೊಟ್ಟೆ. ಸಾಲ ಕಟ್ಟಿದ ಚರಿತ್ರೆ ಇರುವ ಸಿಬಿಲ್ ವರದಿಯಲ್ಲಿ ಕೋವಿಡ್‌ನಿಂದ ಮರುಹೊಂದಾಣಿಕೆ ಎಂಬ ಗುರುತು ಇದೆ ಎಂದು ಎರಡೂ ಕಡೆ ಆಗಲ್ಲ ಎಂದರು. ಆಮೇಲೆ ಒಂದು ಕಂತೂ ತಪ್ಪಿಲ್ಲ ಎಂದೆ. ಗುರುತು ಗುರುತೇ. 2024ರ ಫೆಬ್ರವರಿಯಲ್ಲಿ ನಮ್ಮ ಬ್ಯಾಂಕಿನಲ್ಲೇ ಸುಮಾರು 6,000 ಶುಲ್ಕ ಕಟ್ಟಿ ರೆಪೊ ಮೇಲಿನ ಅವರ ಪಾಲನ್ನು 3.85ರಿಂದ 2.75ಕ್ಕೆ ಇಳಿಸಿಕೊಂಡೆ. ಹೊಸ ಗ್ರಾಹಕರಿಗೆ ಇದಕ್ಕಿಂತ ಕಡಿಮೆಗೆ ಕೊಡುತ್ತಿದ್ದರು. ಕೇಳದವರಿಗೆ ಹಳೆಯ ದರವೇ ನಡೆಯುತ್ತಿರುತ್ತದೆ. ದಯವಿಟ್ಟು ಹೋಗಿ ಕೇಳಿ.

2025ರ ಫೆಬ್ರವರಿಯಿಂದ ರೆಪೊ ಇಳಿಯಲು ಶುರುವಾಯಿತು. ಜೂನ್ ಹೊತ್ತಿಗೆ 5.5. ಆ ನವೆಂಬರಿನಲ್ಲಿ ಬ್ಯಾಂಕಿನಿಂದ ಕಾಗದ ಬಂತು. ದರ 8.25, ಬಾಕಿ 26 ಲಕ್ಷ 40 ಸಾವಿರ. ಕಂತು ಇಳಿಸಬೇಕೋ, ಅವಧಿ ಇಳಿಸಬೇಕೋ, ಗುರುತು ಹಾಕಿ ಎಂದು. ಕನ್ನಡದಲ್ಲೂ ಇತ್ತು.

ಮೂವರೂ ಊಟದ ಮೇಜಿನ ಸುತ್ತ ಕೂತೆವು. 30,000 ಹಾಗೇ ಕಟ್ಟಿದರೆ 2037ರ ಮಾರ್ಚಿಗೆ ಮುಗಿಯುತ್ತದೆ. ಹಾಗೇ ಇರಲಿ ಎಂದರು ನಮ್ಮನೆಯವರು. ಅವರಿಗೆ ಆ 419 ಇನ್ನೂ ಕನಸಿನಲ್ಲಿ ಬರುತ್ತದೆ. ಮಾವ ಡೈರಿ ತೆಗೆದು 29,000ಕ್ಕೆ ಲೆಕ್ಕ ಹಾಕಿದರು. 2037ರ ಕೊನೆ, ಹೆಚ್ಚು ಕಡಿಮೆ ಮೊದಲ ಒಪ್ಪಂದದಲ್ಲಿ ಇದ್ದ ತಾರೀಖು. ಐದು ವರ್ಷ ಓಡಾಡಿ ಹೊರಟ ಜಾಗಕ್ಕೆ ಬಂದಿದ್ದೆವು. 'ರೀ, ಒಂದು ಸಾವಿರ ಬಿಟ್ಟುಕೊಡಿ' ಎಂದೆ. ನಗುತ್ತಾ ಪೆನ್ನು ನನ್ನ ಕಡೆ ತಳ್ಳಿದರು.

ಕಾಗದ ಮಡಚಿಟ್ಟು ಮಾಗಡಿಯ ಬಡಗಿಯ ನಂಬರ್ ಹುಡುಕಿದೆ. ಅದೇ ನಂಬರ್ ಇತ್ತು. ಹಳೆಯ ಅಳತೆ ಇದೆಯಾ ಎಂದು ಕೇಳಿದೆ. ಆ ಪುಸ್ತಕ ಹೋಯಿತು ಮೇಡಂ, ಭಾನುವಾರ ಬಂದು ಮತ್ತೆ ತೆಗೆದುಕೊಳ್ಳುತ್ತೇನೆ, ಈಗ 95,000 ಆಗುತ್ತದೆ ಎಂದರು. ಮೂರು ಸಲವಾಗಿ ಕೊಡುತ್ತೇನೆ, ಬನ್ನಿ ಎಂದೆ.